ರುಚಿ ನೋಡದೆ ಬಡಿಸಿದವನು

ಇನ್ನೂ ನಂಬಲಿಕ್ಕೆ ಆಗುತ್ತಿಲ್ಲ...

ನಿನ್ನೆ ಸಂಜೆ ಫೋನ್ ಮಾಡಿದ್ದ. ಪುತ್ತೂರಿನಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಹೊಸ ಹೋಟೆಲ್ ಆಗಿದೆಯಂತೆ, ಅಲ್ಲಿಯ ಬನ್ಸ್ ತಿಂದು ಹೇಗುಂಟು ಹೇಳು ಎಂದಿದ್ದ.
ನಾಳೆ ಹೋಗುತ್ತೇನೆ ಎಂದಿದ್ದೆ.

ಬೆಳಿಗ್ಗೆ ಅವನ ಹೆಂಡತಿ ಪಾರ್ವತಿ ಅತ್ತಿಗೆಯ ಫೋನ್.
"ಇವರು ಏಳ್ತಾ ಇಲ್ಲ."
ಅಷ್ಟೇ ಹೇಳಿದರು...

ಅಡಿಗೆಯ ಕೇಶವ ಭಟ್ಟ ಹೋಗಿಬಿಟ್ಟ.

ಶಾಲೆಯಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತವನು.
ಪುತ್ತೂರು, ಸುಳ್ಯ, ಕಡಬ... ಈ ಮೂರು ತಾಲೂಕಿನಲ್ಲಿ ಅವನ ಕೈಯ ಊಟ ಉಣ್ಣದವರು ಕಡಿಮೆ. ಇದನ್ನು ಓದುತ್ತಿರುವ ನಿಮ್ಮಲ್ಲಿ ಅನೇಕರ ಮದುವೆಗೆ ಅವನದ್ದೇ ಅಡಿಗೆ.

ಎರಡು ವರ್ಷದ ಹಿಂದೆ ಗಂಟಲಿನ ಕ್ಯಾನ್ಸರ್ ಎಂದು ಗೊತ್ತಾಯಿತು.
ನಮ್ಮ ಕಡೆ ಈ ಶಬ್ದವನ್ನು ಬಾಯಿ ಬಿಟ್ಟು ಹೇಳುವುದಿಲ್ಲ. "ಆ ಕಾಯಿಲೆ" ಎನ್ನುತ್ತಾರೆ, ಅದೂ ದನಿ ತಗ್ಗಿಸಿ.
ಕೇಶವ ಕ್ಯಾನ್ಸರ್ ಎಂದೇ ಹೇಳುತ್ತಿದ್ದ. ನಾನೂ ಹಾಗೇ ಬರೆಯುತ್ತೇನೆ.

ರೇಡಿಯೇಷನ್‌ಗೆ ಮಂಗಳೂರಿಗೆ ಹೋಗಿ ಬರಬೇಕಿತ್ತು. ಅತ್ತಿಗೆಗೆ ಬಸ್ಸಿನಲ್ಲಿ ವಾಂತಿ. ಹಾಗಾಗಿ ಜೊತೆಗೆ ನಾನು.
ಕಲ್ಲಡ್ಕದ ಹತ್ತಿರ ರಸ್ತೆ ಅಗೆದು ಹಾಕಿದ್ದರು. ಬಸ್ಸು ಹೊಂಡಕ್ಕೆ ಇಳಿದಾಗಲೆಲ್ಲ ಎರಡೂ ಕೈಯಲ್ಲಿ ಗಂಟಲು ಹಿಡಿದುಕೊಳ್ಳುತ್ತಿದ್ದ...
ರಸ್ತೆಯ ಮಾತು ಇವತ್ತು ಬೇಡ.

ಕೆಲವು ವಾರದಲ್ಲಿ ನಾಲಗೆಯ ರುಚಿ ಹೋಯಿತು. ಮೂಗೂ ಮಂದವಾಯಿತು.
"ಗಂಜಿಯೂ ಒಂದೇ, ಕಾಗದವೂ ಒಂದೇ ಮಾರಾಯ" ಎಂದ.

ಆಮೇಲೆ ಒಂದು ಹೊಸ ಅಭ್ಯಾಸ ಶುರುವಾಯಿತು.
ಆಸ್ಪತ್ರೆ ಮುಗಿಸಿ ಕ್ಯಾಂಟೀನಿಗೆ ಹೋಗುವುದು. ಅವನಿಗೆ ಫ್ಲಾಸ್ಕಿನ ಗಂಜಿ ತಿಳಿ. ನನಗೆ ಅವನೇ ಆರ್ಡರ್ ಮಾಡುವುದು. ಇಡ್ಲಿ, ಗೋಳಿಬಜೆ, ಊಟ... ನಾನು ತಿನ್ನಬೇಕು, ಹೇಗುಂಟು ಎಂದು ಅವನಿಗೆ ಹೇಳಬೇಕು.

ಮೊದಲ ದಿನ "ಒಳ್ಳೆದುಂಟು" ಎಂದೆ.

"ಒಳ್ಳೆದುಂಟು ಅಂದ್ರೆ ಎಂತ? ಇಷ್ಟು ಪುಸ್ತಕ ಓದಿದವ, ಒಂದು ಸಾಂಬಾರಿಗೆ ಎರಡು ಮಾತು ಇಲ್ವಾ ನಿನ್ನ ಹತ್ರ?"

ಮೆಲ್ಲ ಕಲಿತೆ.
ಮೆಂತೆ ಹೆಚ್ಚು ಹುರಿದಿದ್ದಾರೆ, ನುಂಗಿದ ಮೇಲೆ ಕಹಿ ನಿಲ್ಲುತ್ತದೆ... ತೆಂಗಿನಕಾಯಿ ಹಳತು... ಬೆಲ್ಲ ಮೊದಲು ಬಂತು, ಹುಳಿ ಹಿಂದಿನಿಂದ...
ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ. ತಲೆಯಾಡಿಸುತ್ತಿದ್ದ.
ಟ್ರೀಟ್‌ಮೆಂಟ್ ಮುಗಿಯುವಾಗ ಅವನ ಅಂಗಿ ದೊಡ್ಡದಾಗಿತ್ತು, ನನ್ನ ಪ್ಯಾಂಟ್ ಸಣ್ಣದಾಗಿತ್ತು.

ಕೆಲಸಕ್ಕೆ ಹೋಗಬಹುದು ಎಂದು ಡಾಕ್ಟರ್ ಹೇಳಿದರು.
ಆದರೆ ಯಾರೂ ಕರೆಯಲಿಲ್ಲ...
ಮೊದಲೇ ಹೇಳಿಟ್ಟವರೂ ಬೇರೆ ಅಡಿಗೆಯವರನ್ನು ಗೊತ್ತು ಮಾಡಿದ್ದರು. "ಪಾಪ, ರೆಸ್ಟ್ ತಗೊಳ್ಲಿ" ಎಂದರು.
ಒಬ್ಬರು ಮಾತ್ರ ಮನಸ್ಸಿನಲ್ಲಿದ್ದದ್ದನ್ನು ನನ್ನ ಹತ್ತಿರ ಹೇಳಿದರು. ನಾಲಗೆಯೇ ಇಲ್ಲದವ ಉಪ್ಪು ಹುಳಿ ನೋಡುವುದು ಹೇಗೆ ಎಂದು.

ಕೇಶವಾ...
ನೀನು ಸಿಟ್ಟು ಮಾಡಿಕೊಳ್ಳಲಿಲ್ಲ.
ದೊಡ್ಡ ಪಾತ್ರೆಗಳನ್ನೆಲ್ಲ ಹೊರಗೆ ತಂದು ತಿಕ್ಕಿ, ಬಿಸಿಲಿಗಿಟ್ಟು, ಒಣಗಿದ ಮೇಲೆ ಪುನಃ ಒಳಗಿಡುತ್ತಿದ್ದೆ. ಮರುವಾರವೂ ಅದನ್ನೇ.
ಇನ್ನೊಮ್ಮೆ ಒಲೆ ಹೊತ್ತಿಸಲಿಕ್ಕೆ ಉಂಟಾ ಇಲ್ವಾ ಎಂದು ನೀನು ನನ್ನ ಹತ್ತಿರ ಒಂದೇ ಸಲ ಕೇಳಿದ್ದೆ.

ಆಗ ಇಚಿಲಂಪಾಡಿಯ ಶಾಂತಕ್ಕನ ಫೋನ್ ಬಂತು. ಅವರ ಮನೆಯ ಪೂಜೆಯ ಊಟ ಯಾವತ್ತೂ ನಿನ್ನದೇ.
ಹೇಗಿದ್ದೀರಿ ಎಂದೂ ಕೇಳಲಿಲ್ಲವಂತೆ. ಈ ಸಲ ಪಾಯಸ ಎಂತದ್ದು ಮಾಡುವ ಎಂದು ಕೇಳಿದರಂತೆ.
ನೀನೇ ತಡೆದು, ನನಗೆ ರುಚಿ ಗೊತ್ತಾಗುದಿಲ್ಲ ಅಕ್ಕ, ಎಂದೆ.

"ಅದಕ್ಕೆಂತ ಭಟ್ರೆ? ದೇವರಿಗಿಡುವ ಮೊದಲು ನಮ್ಮಲ್ಲಿ ರುಚಿ ನೋಡ್ಲಿಕ್ಕೇ ಇಲ್ವಲ್ಲ."

ಓದುಗರೇ, ಇದು ಶಾಂತಕ್ಕನಿಗೆ ಮಾತ್ರ ಗೊತ್ತಿದ್ದ ವಿಷಯವಾ?
ನೈವೇದ್ಯ ಆಗದೆ ಅಡಿಗೆಯವನು ಒಂದು ಹನಿ ಬಾಯಿಗೆ ಹಾಕುವ ಕ್ರಮ ಇಲ್ಲ. ಕೇಶವ ಜೀವಮಾನವಿಡೀ ಕಣ್ಣಿನಲ್ಲಿ, ಕೈಯಲ್ಲಿ, ಮೂಗಿನಲ್ಲಿ ಅಡಿಗೆ ಮಾಡಿದವನು. ಪರವೂರಿನ ನೆಂಟರಿಗೆ ಇದನ್ನೇ ಹೆಮ್ಮೆಯಿಂದ ಹೇಳಿದವರು ನೀವು.
ಅವನಿಗೆ ಕಾಯಿಲೆ ಬಂದದ್ದೇ, ನಿಮ್ಮ ಮನೆಯ ಕ್ರಮವೇ ನಿಮಗೆ ಮರೆತುಹೋಯಿತು.
ನನಗೆ ಮರೆತಿಲ್ಲ. ಯಾವ ಯಾವ ಮನೆ ಎಂಬುದೂ ಮರೆತಿಲ್ಲ. ಬೆಳಗ್ಗಿನಿಂದ ಅದೇ ಮನೆಯವರು ಸ್ಟೇಟಸ್ಸಿನಲ್ಲಿ ಅವನ ಹೋಳಿಗೆಯನ್ನು ಹೊಗಳುವುದನ್ನು ನೋಡುತ್ತಿದ್ದೇನೆ.
ಹೆಸರು ಬರೆಯುವುದಿಲ್ಲ. ಅತ್ತಿಗೆ ಬೇಡ ಎಂದಿದ್ದಾರೆ.

ಆ ದಿನ ಇಚಿಲಂಪಾಡಿಯಲ್ಲಿ ನಾನು ನಿನ್ನ ಮೂಗು, ಕೇಶವಾ.
ಇಂಗು ಮುಂದೆ ಬಂತಾ, ಕೊತ್ತಂಬರಿ ಮುಂದೆ ಬಂತಾ ಎಂದು ನೀನು ಕೇಳಿದ್ದು, ಹೊಗೆಯಲ್ಲಿ ಕಣ್ಣೀರು ಸುರಿಸಿಕೊಂಡು ನಾನು ಹೇಳಿದ್ದು... ಕ್ಯಾಂಟೀನಿನ ಪಾಠ ಅಲ್ಲಿ ಉಪಯೋಗಕ್ಕೆ ಬಂತು. ಉಪ್ಪು ಮಾತ್ರ ನಿನ್ನ ಕೈಯ ಅಂದಾಜು. ಅದರಲ್ಲಿ ನನಗೆ ಪಾಲಿರಲಿಲ್ಲ.

ಊಟ ಮುಗಿದ ಮೇಲೆ ನೀನು ಎಂದಿನಂತೆ ಎಲೆ ಬಿಸಾಡುವಲ್ಲಿ ಹೋಗಿ ನಿಂತೆ. ಜನ ಎಂತ ಬಿಟ್ಟಿದ್ದಾರೆ ಎಂದು ನೋಡದೆ ನೀನು ಯಾವತ್ತೂ ಊಟಕ್ಕೆ ಕೂತವನಲ್ಲ.
ಎಲೆಗಳಲ್ಲಿ ಕರಿಬೇವು ಮಾತ್ರ ಇತ್ತು... ಅಲ್ಲೊಂದು ಇಲ್ಲೊಂದು ಮೆಣಸು.
ನೀನು ಒಂದೊಂದೇ ಎಲೆ ನೋಡಿದೆ.
"ಉಪ್ಪು ಸರಿ ಉಂಟು" ಎಂದೆ.

ಕೊನೆಯ ಪಂಕ್ತಿಯಲ್ಲಿ ನಾವಿಬ್ಬರು ಪಕ್ಕಪಕ್ಕ ಕೂತೆವು. ನೀನು ಒಂದು ಚಮಚ ಪಾಯಸವನ್ನು ಕಷ್ಟದಲ್ಲಿ ನುಂಗಿದೆ. ಹೇಗುಂಟು ಎಂದು ಈ ಸಲ ನಾನು ಕೇಳಿದೆ.

"ಒಳ್ಳೆದುಂಟು" ಎಂದೆ.

ನನ್ನನ್ನು ಬೈದವನು ನೀನು... ನಿನ್ನ ಹತ್ತಿರವೂ ಎರಡನೇ ಮಾತು ಇರಲಿಲ್ಲ.

ಇವತ್ತು ಬನ್ಸಿಗೆ ಹೋಗಲಿಲ್ಲ ಮಾರಾಯ. ತಿಂದು ಯಾರಿಗೆ ಹೇಳುವುದು...

ನೀನು ಹೋದಲ್ಲಿ ಮೊದಲ ತುತ್ತಿಗೇ ನಿನ್ನ ನಾಲಗೆಗೆ ರುಚಿ ಮರಳಿ ಬರಲಿ.
ಬಡಿಸುವ ಅವಸರ ಇಲ್ಲ ಇನ್ನು.
ಶಾಂತವಾಗಿ ಕೂತು ಉಣ್ಣು ಕೇಶವಾ... 🙏