ಎಡಗಣ್ಣಿನ ಬೆಂಚು

ಹೋದ ವಾರ ಅಮ್ಮ ವಿಭೂತಿ ಗಟ್ಟಿ ತರಲು ಕಳಿಸಿದ್ದಳು. ದಾವಣಗೆರೆಯ ನಿಟ್ಟುವಳ್ಳಿಯ ಅಂಗಡಿಯವನು ಕಟ್ಟಿಕೊಟ್ಟ ಪೊಟ್ಟಣ ದಾರಿಯಲ್ಲಿ ಮಳೆಗೆ ನೆನೆದು, ಮನೆ ಸೇರುವಷ್ಟರಲ್ಲಿ ಕೈಯೆಲ್ಲ ಬೂದಿ. ನೆನೆದ ವಿಭೂತಿಗೆ ತನ್ನದೇ ಒಂದು ವಾಸನೆಯಿದೆ. ನನಗೆ ದೇವರ ಮೇಲೆ ನಂಬಿಕೆಯಿಲ್ಲ, ವಿಭೂತಿಯ ಮೇಲಂತೂ ಇಲ್ಲವೇ ಇಲ್ಲ. ಆದರೂ ಕೈ ತೊಳೆಯದೆ ಸುಮಾರು ಹೊತ್ತು ಹಾಗೇ ಕೂತಿದ್ದೆ. ಅದು ನಮ್ಮ ಮೇಷ್ಟ್ರ ವಾಸನೆ...

ತೊಂಬತ್ತರ ದಶಕದ ಕೊನೆಯ ವರ್ಷಗಳು. ಹರಿಹರದ ಹೈಸ್ಕೂಲಿನಲ್ಲಿ ಅವರು ನಮಗೆ ಕನ್ನಡ ಪಾಠ ಮಾಡುತ್ತಿದ್ದರು. ನನ್ನನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡಿದವರೂ ಅವರೇ. ನಾನು ಗಂಟಲು ಹರಿದುಕೊಂಡರೆ, "ಲೇ, ಸಂತ್ಯಾಗೆ ಬದನೆಕಾಯಿ ಮಾರಾಕೆ ಹೊಂಟಿಯೇನು? ಮೊದ್ಲು ಅವ್ನು ಹೇಳಿದ್ದು ಕೇಳಿಸ್ಕ, ಆಮ್ಯಾಲೆ ಬಾಯಿ ತಗಿ" ಎನ್ನುತ್ತಿದ್ದರು. ಅವರ ಎಡಗಣ್ಣಿಗೆ ಪೊರೆ ಬಂದು ಬಲಿತಿತ್ತು. ಬಲಗಣ್ಣಿನಲ್ಲಿ ಆಗಷ್ಟೇ ಶುರು. ಓದುವುದು, ಬರೆಯುವುದು, ನನ್ನ ಭಾಷಣಗಳನ್ನು ನಿರ್ದಯವಾಗಿ ಕತ್ತರಿಸುವುದು, ಎಲ್ಲವೂ ಆ ಬಲಗಣ್ಣಿನ ಕೆಲಸ.

ನಾನು ಪಿಯುಸಿಗೆಂದು ದಾವಣಗೆರೆಗೆ ಹೋದ ವರ್ಷ ಹರಿಹರದ ಒಂದು ಕಲ್ಯಾಣ ಮಂಟಪದಲ್ಲಿ ಉಚಿತ ನೇತ್ರ ಶಿಬಿರ ನಡೆಯಿತು. ದಾವಣಗೆರೆಯಿಂದ ದೊಡ್ಡ ಡಾಕ್ಟರು ಬಂದಿದ್ದರು. ವಧುವಿನ ಕೋಣೆಯೇ ಆಪರೇಷನ್ ಥಿಯೇಟರ್. ಹಿಂದಿನ ದಿನ ತಪಾಸಣೆ ಮಾಡಿ, ಯಾವ ಕಣ್ಣಿಗೆ ಆಪರೇಷನ್ನೋ ಆ ಹುಬ್ಬಿನ ಮೇಲೆ ಶಾಯಿಯ ಚುಕ್ಕೆ ಇಟ್ಟು ಕಳಿಸಿದ್ದರು. ಬೆಳಿಗ್ಗೆ ಮೇಷ್ಟ್ರು ಸ್ನಾನ ಮಾಡಿದರು, ಲಿಂಗಪೂಜೆ ಮುಗಿಸಿದರು, ಹಣೆ ತುಂಬ ವಿಭೂತಿ ಧರಿಸಿದರು. ಕಣ್ಣು ಕೊಯ್ಯಿಸಿಕೊಳ್ಳಲು ಬರಿಹಣೆಯಲ್ಲಿ ಹೋಗುವ ಮನುಷ್ಯರೇ ಅವರು? ಸ್ನಾನದ ನೀರಿಗೆ ಅರ್ಧ ಅಳಿಸಿದ್ದ ಚುಕ್ಕೆ ವಿಭೂತಿಯ ಕೆಳಗೆ ಪೂರಾ ಮರೆಯಾಯಿತು.

ಮಂಟಪದೊಳಗೆ ಎರಡು ಬೆಂಚು ಹಾಕಿದ್ದರು. ಎಡಗಣ್ಣಿನವರಿಗೆ ಒಂದು, ಬಲಗಣ್ಣಿನವರಿಗೆ ಒಂದು. ಬೋರ್ಡಿಲ್ಲ, ಬರಹವಿಲ್ಲ, ಬಾಯಿಮಾತಿನ ಏರ್ಪಾಡು. ಮೇಷ್ಟ್ರು ಸರಿಯಾಗಿಯೇ ಎಡಗಣ್ಣಿನ ಬೆಂಚಿನಲ್ಲಿ ಕೂತರು. ಆದರೆ ಆ ಬೆಂಚಿನಲ್ಲಿ ಹೆಂಗಸರು ಬಂದು ತುಂಬಿಕೊಂಡರು. ಕೊನೆಗೆ ನಂದಿಗುಡಿಯ ಒಬ್ಬ ಅಜ್ಜಿ ಬಂದವಳು ಗಂಡಸಿನ ಪಕ್ಕ ಕೂರಲಾರದೆ ಸೆರಗು ಎಳೆದುಕೊಂಡು ನಿಂತೇ ಇದ್ದಳು. "ಕುತ್ಕಳವ್ವ" ಎಂದು ಮೇಷ್ಟ್ರು ಎದ್ದು, ಗಂಡಸರು ಕೂತಿದ್ದ ಎದುರಿನ ಬೆಂಚಿಗೆ ಹೋದರು. ನಮ್ಮ ಕಡೆಯ ಯಾವ ಗಂಡಸಾದರೂ ಅದನ್ನೇ ಮಾಡುತ್ತಿದ್ದ. ಮದುವೆ ಮನೆಯಲ್ಲಿ, ಮಠದಲ್ಲಿ, ಬಸ್ಸಿನಲ್ಲಿ ನಾವು ಕೂರುವುದೇ ಹಾಗೆ. ಕಣ್ಣು ನೋಡಿಕೊಂಡು ಕೂರುವುದನ್ನು ನಮಗೆ ಯಾರು ಕಲಿಸಿದ್ದರು?

ಹುಬ್ಬಿನ ಮೇಲೆ ಚುಕ್ಕೆ ಇದೆ, ನೋಡಿಕೊಳ್ಳುತ್ತಾರೆ ಎಂದು ಮೇಷ್ಟ್ರು ನಂಬಿದರು. ಚುಕ್ಕೆ ಕಾಣದ ಸಿಸ್ಟರು ಬೆಂಚನ್ನು ನಂಬಿ ಬಲಗಣ್ಣಿಗೆ ಔಷಧಿ ಹಾಕಿದರು. ಡಾಕ್ಟರು, ಬಲಗಣ್ಣಷ್ಟೇ ಕಾಣುವಂತೆ ಸಿಸ್ಟರು ಹೊದಿಸಿದ ಬಟ್ಟೆಯನ್ನು ನಂಬಿದರು. ಬಾಯಿಬಿಟ್ಟು ಕೇಳಿದವರು ಒಬ್ಬರೂ ಇಲ್ಲ.

ಆದರೆ ಹೇಳಿದವರು ಒಬ್ಬರಿದ್ದರು. ಟೇಬಲ್ಲಿನ ಮೇಲೆ ಮಲಗಿದ ಮೇಷ್ಟ್ರು ಬಟ್ಟೆಯ ಕೆಳಗಿನಿಂದ, "ಸಾರ್, ನನ್ದು ಎಡಗಣ್ಣು" ಎಂದರಂತೆ.

"ಮೇಷ್ಟ್ರೇ, ಇದು ನಿಮ್ಮ ಕ್ಲಾಸಲ್ಲ. ಸುಮ್ನೆ ಮಲಗ್ರಿ" ಎಂದರಂತೆ ಡಾಕ್ಟರು.

ಸುಮ್ಮನೆ ಮಲಗಿದರು.

ಬಲಗಣ್ಣಿಗೆ ಕೀವಾಯಿತು. ಕಣ್ಣು ಹೋಯಿತು.

ಬಹಳ ವರ್ಷಗಳ ಮೇಲೆ ವಿಮಾನಗಳ ಬಗ್ಗೆ ಓದುತ್ತಿದ್ದೆ. ಕಿರಿಯ ಪೈಲಟ್ "ಸಾರ್, ಇದು ತಪ್ಪು" ಎಂದರೆ ಹಿರಿಯವನು ತಡೆದು ಕೇಳಬೇಕೆಂದು ಅಲ್ಲಿ ತರಬೇತಿಯನ್ನೇ ಕೊಡುತ್ತಾರೆ. ಕೊಡದೆ ಏನು? ಆಕಾಶದಲ್ಲಿ ತಪ್ಪಾದರೆ ಪೈಲಟ್ಟೂ ಸಾಯುತ್ತಾನೆ. ಕಲ್ಯಾಣ ಮಂಟಪದಲ್ಲಿ ತಪ್ಪು ಮಾಡಿದವರು ಹೋಳಿಗೆ ಊಟ ಮುಗಿಸಿ, ಶಾಲು ಹೊದಿಸಿಕೊಂಡು ಕಾರು ಹತ್ತಿದರು.

ಕಣ್ಣು ಹೋದ ಆ ವರ್ಷವೇ ಮೇಷ್ಟ್ರನ್ನು ಬಸ್ಸಿನಲ್ಲಿ ಕೂರಿಸಿಕೊಂಡು ದಾವಣಗೆರೆಗೆ, ಆ ಡಾಕ್ಟರ ಕ್ಲಿನಿಕ್ಕಿಗೆ ಹೋದೆ. ಮಾತಿನಲ್ಲಿ ಅವರನ್ನು ನೆಲಕ್ಕೆ ಕೆಡವಿಯೇ ಬರುವುದೆಂದು ದಾರಿಯುದ್ದಕ್ಕೂ ಹಲ್ಲು ಮಸೆದಿದ್ದೆ.

"ಎರಡು ಕಣ್ಣಾಗೂ ಪೊರೆ ಇತ್ತಲ್ಲಪ್ಪ," ಎಂದರು ಡಾಕ್ಟರು. "ಇವತ್ತಲ್ಲ ನಾಳೆ ಅದನ್ನೂ ಮಾಡ್ಲೇಬೇಕಿತ್ತು. ಕೀವಾಗೋದು ಯಾರ ಕೈಯಾಗೈತೆ? ಅಲ್ಲ, ಹಣೆ ತುಂಬ ವಿಭೂತಿ ಬಳ್ಕಂಡು ಬಂದ್ರೆ ಗುರ್ತು ಕಾಣೋದು ಹೆಂಗೆ?"

"ವಿಭೂತಿ ಕೈಯಾಗೆ ಕತ್ತಿ ಇರ್ಲಿಲ್ಲ ಸಾರ್," ಎಂದೆ.

ಅವರು ನಕ್ಕರು. "ಮೇಷ್ಟ್ರೇ, ಹುಡುಗನ್ನ ಚೆನ್ನಾಗಿ ತಯಾರ್ ಮಾಡೀರಿ" ಎಂದು ಗಂಟೆ ಒತ್ತಿ ಮುಂದಿನ ರೋಗಿಯನ್ನು ಕರೆದರು.

ಅವರ ವಾದಕ್ಕೆ ಉತ್ತರ ಆವತ್ತೇ ನನ್ನ ಬಾಯಲ್ಲಿತ್ತು, ಕೇಳುವ ಕಿವಿ ಇರಲಿಲ್ಲ. ಇಲ್ಲಿ ಹೇಳುತ್ತೇನೆ. ಕೆಟ್ಟಿರುವ ಕಣ್ಣನ್ನು ಮೊದಲು ಕೊಯ್ಯುವುದು, ಅಕಸ್ಮಾತ್ ಕೆಟ್ಟದ್ದಾದರೆ ಬದುಕಲು ಇನ್ನೊಂದು ಉಳಿದಿರಲಿ ಎಂದು. "ಇವತ್ತಲ್ಲ ನಾಳೆ" ಎನ್ನುವವರು ಆ ನಾಳೆಯನ್ನೇ ಕಿತ್ತುಕೊಂಡರು. ಮೇಷ್ಟ್ರ ಮೇಲೆ ತಪ್ಪು ಹೊರಿಸಲು ವಿಭೂತಿ ಸಿಕ್ಕಿತು. ಊರಿನ ಬಾಯಿ ಮುಚ್ಚಿಸಲು ಸಿಸ್ಟರು ಸಿಕ್ಕರು. ಅವರನ್ನು ಕೆಲಸದಿಂದ ಬಿಡಿಸಿದರು. ಮುಂದಿನ ವರ್ಷದ ಶಿಬಿರದಲ್ಲೂ ಅವೇ ಎರಡು ಬೆಂಚು.

ಎಡಗಣ್ಣು ಇನ್ನೂ ಇತ್ತು. ಪೊರೆ ತೆಗೆಸಿದ್ದರೆ ಮೇಷ್ಟ್ರು ಮತ್ತೆ ಓದಬಹುದಿತ್ತು. ಬೇರೆ ಊರಿಗೆ, ಬೇರೆ ಡಾಕ್ಟರ ಹತ್ತಿರ ಹೋಗೋಣವೆಂದು ಹರಿಹರಕ್ಕೆ ಹೋದಾಗಲೆಲ್ಲ ಅವರೊಡನೆ ವಾದಿಸಿದೆ. ಚರ್ಚಾಸ್ಪರ್ಧೆಯ ಕಪ್ಪುಗಳನ್ನು ಗೆದ್ದು ತಂದ ಅಷ್ಟೂ ವಿದ್ಯೆಯನ್ನು ಅವರ ಮುಂದೆ ಸುರಿದೆ. ಜಗಲಿಯ ಮೇಲೆ ಕೂತು, ನನ್ನ ದನಿ ಬಂದ ದಿಕ್ಕಿಗೆ ಮುಖ ಮಾಡಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು.

"ಬ್ಯಾಡಪ್ಪ," ಎಂದರು ಒಂದು ದಿನ. "ಬಾಯಿಬಿಟ್ಟು ಹೇಳಿದ್ನಲ್ಲೋ... ನನ್ ಕಣ್ಣು ಯಾವ್ದು ಅಂತ ನನಗೇ ಗೊತ್ತಿಲ್ಲ ಅನ್ನೋ ಹಂಗೆ ಮಾಡಿದ್ರು. ಇನ್ನೊಂದ್ಸಲ ಯಾರಿಗ್ ಹೇಳ್ಲಿ?"

ಮಬ್ಬಾಗಿದ್ದ ಎಡಗಣ್ಣೂ ನಿಧಾನವಾಗಿ ಕತ್ತಲಾಯಿತು. ಕಡೆಕಡೆಗೆ ನನ್ನಿಂದ ಪೇಪರು ಓದಿಸಿಕೊಳ್ಳುತ್ತಿದ್ದರು. ಉಚ್ಚಾರ ತಪ್ಪಿದರೆ ಮೊದಲಿನ ಹಾಗೇ ಗದರುತ್ತಿದ್ದರು. ಆಮೇಲೆ ಅವರೂ ಇಲ್ಲವಾದರು...

ನಿನ್ನೆ ಸಂಜೆ ದಾವಣಗೆರೆಯ ಪಾರ್ಕಿನಲ್ಲಿ ಆ ಡಾಕ್ಟರನ್ನು ಕಂಡೆ. ಮುದುಕರಾಗಿದ್ದಾರೆ. ಕಣ್ಣಿಗೆ ಅಗಲವಾದ ಕಪ್ಪು ಕನ್ನಡಕ. ಅಡ್ಡ ಹೋಗಿ ನಿಂತೆ.

"ಆಪರೇಷನ್ ಆತಾ ಸಾರ್?"

"ಹೂನಪ್ಪ. ಪೊರೆ ಬಂದಿತ್ತು, ತಗಿಸಿದೆ."

"ಮಾಡೋಕಿಂತ ಮುಂಚೆ, ಯಾವ ಕಣ್ಣು ಅಂತ ಕೇಳಿದ್ರಾ?"

"ಅಯ್ಯೋ, ಕೇಳಿದ್ರಾ ಅಂತೀಯಲ್ಲ! ಬಾಗ್ಲಾಗೆ ಒಬ್ಬಾಕಿ, ಒಳಗೆ ಇನ್ನೊಬ್ಬಾಕಿ, ಟೇಬಲ್ ಮ್ಯಾಲೆ ಮಲಗಿದ್ರೆ ಮತ್ತೆ ಆ ಡಾಕ್ಟ್ರು. ತಲೆ ತಿಂದ್ಬಿಟ್ರು. ನಾನೂ ಡಾಕ್ಟ್ರೇ ಕಣ್ರೀ ಅಂದ್ರೂ ಬಿಡ್ಲಿಲ್ಲ."

ನಗುತ್ತಿದ್ದರು. ನಾನು ಮೇಷ್ಟ್ರ ಹೆಸರು ಹೇಳಿದೆ.

"ಯಾವ ಮೇಷ್ಟ್ರು?"

ಹೇಳಿದೆ. ಊರು, ಶಾಲೆ, ಮಂಟಪ, ಬಲಗಣ್ಣು, ಎಡಗಣ್ಣು. ಪಕ್ಕಕ್ಕೆ ಸರಿದು ಹೋಗಲು ನೋಡಿದರು. ಬಿಡದೆ ಎದುರು ನಿಂತು ಇನ್ನೊಮ್ಮೆ ಹೇಳಿದೆ, ವಾಕಿಂಗಿಗೆ ಬಂದವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ. ಡಾಕ್ಟರ ಮುಖದ ನಗು ಇಳಿಯಿತು. ನೆನಪಾಯಿತೋ, ಬರೀ ಹೆದರಿದರೋ, ಆ ಕನ್ನಡಕದ ಹಿಂದೆ ಏನೂ ಕಾಣಲಿಲ್ಲ. ಹೆದರಿದ್ದರೆ ನನಗೆ ಸಂತೋಷವೇ.

ಗೆದ್ದೆ ಅನ್ನಿಸಿದ್ದು ಪಾರ್ಕಿನ ಗೇಟಿನವರೆಗೆ ಮಾತ್ರ. ಹೊರಗೆ ಹರಿಹರದ ಬಸ್ಸು ಹೋಗುತ್ತಿತ್ತು. ಹತ್ತಿ ಹೋಗಿ, ಆ ಜಗಲಿಯ ಮೇಲೆ ಕೂತು, "ಸಾರ್, ಈಗ ಕೇಳ್ತಾರಂತೆ" ಎಂದು ಹೇಳೋಣವೆಂದರೆ ಅಲ್ಲಿ ಯಾರಿದ್ದಾರೆ?