ಅವ್ವ ಬೀಸುವಲ್ಲಿ ನಿಂತ ಕ್ಯಾಸೆಟ್

ತಾರಾಬಾಯಿಯ ಮನೆಗೆ ಸಿನಿಮಾ ನೋಡಲು ಹೋಗುವವರು ಚಪ್ಪಲಿಯನ್ನು ಹಿತ್ತಲ ಬಾಗಿಲಲ್ಲಿ ಬಿಡಬೇಕಾಗಿತ್ತು. ಮುಂಬಾಗಿಲಿನವರೆಗೂ ಗಾದಿ ಹಾಸಿರುತ್ತಿದ್ದರು. ವಡೋದರಾದ ರೈಲ್ವೆ ಕಾಲೊನಿಯ ನೆಲಮಹಡಿಯ ಆ ಪುಟ್ಟ ಮನೆಯಲ್ಲಿ ಶನಿವಾರ ಸಂಜೆಯಾಯಿತೆಂದರೆ ಊರಿನ ಕನ್ನಡದವರು ಬಂದು ಕೂಡುತ್ತಿದ್ದರು. ಬ್ಯಾಂಕಿನವರು, ವಿಮೆಯವರು, ರೈಲ್ವೆಯವರು, ಕಾಲೊನಿಯ ಶಾಲೆಯಲ್ಲಿ ಪಾಠ ಹೇಳುತ್ತಿದ್ದ, ತಾರಾಬಾಯಿ 'ಬಾಯಾರ' ಎಂದು ಕರೆಯುತ್ತಿದ್ದ ನಾನು. ಚಳಿಗಾಲದಲ್ಲಿ ಒಂದೊಂದು ರಜಾಯಿಯೊಳಗೆ ನಾಲ್ಕು ಮಕ್ಕಳು ಕಾಲು ತೂರಿಸಿ ಕೂರುತ್ತಿದ್ದವು. ತಾರಾಬಾಯಿ ಗಿರಮಿಟ್ ಕಲಸುತ್ತಿದ್ದಳು. ಸ್ಟೇಷನ್ನಿನ ಬಳಿ ಹೋಟೆಲು ನಡೆಸುತ್ತಿದ್ದ ಉಡುಪಿಯ ರಾಮಚಂದ್ರರ ಹೆಂಡತಿ ಸುಶೀಲಾ ಬಿಸಿ ಗೋಳಿಬಜೆಯ ಡಬ್ಬಿ ಹಿಡಿದು ಬರುತ್ತಿದ್ದಳು.

ನೋಡುತ್ತಿದ್ದುದೆಲ್ಲ ಎಂಬತ್ತರ ದಶಕದ ಕನ್ನಡ ಚಿತ್ರಗಳು. ಹೊಸದನ್ನು ತರಿಸುವ ಅನುಕೂಲ ಯಾರಿಗೂ ಇರಲಿಲ್ಲ, ಬೇಕೆಂದೂ ಅನಿಸುತ್ತಿರಲಿಲ್ಲ. ದೂರದರ್ಶನದಲ್ಲಿ ಭಾನುವಾರ ಮಧ್ಯಾಹ್ನ ಯಾವಾಗಲಾದರೊಮ್ಮೆ ಬರುತ್ತಿದ್ದ ಕನ್ನಡ ಚಿತ್ರವನ್ನು ತಾರಾಬಾಯಿಯ ಗಂಡ ಲಿಂಗರಾಜ ವಿಸಿಆರ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದ. ಗೂಡ್ಸ್ ಆಫೀಸಿನ ಗುಮಾಸ್ತನಾದ ಅವನಿಗೆ ಜಾಹೀರಾತು ಬಂದಾಗ ಪಾಜ್ ಗುಂಡಿ ಒತ್ತಿ, ಮುಗಿದಾಗ ಬಿಡುವುದು ದೊಡ್ಡ ಜವಾಬ್ದಾರಿ. ನಡುವೆ ತೂಕಡಿಸಿಬಿಟ್ಟರೆ ಕಥೆಯಲ್ಲಿ ಹೊಂಡ ಬೀಳುತ್ತಿತ್ತು. ಒಂದು ಚಿತ್ರದಲ್ಲಿ ನಾಯಕ ತೋಟದಲ್ಲಿ ನಾಯಕಿಯ ಕೈ ಹಿಡಿಯುವನು, ಮರುಕ್ಷಣವೇ ಆಸ್ಪತ್ರೆಯ ಮಂಚದ ಮೇಲೆ ತಲೆಗೆ ಬಟ್ಟೆ ಕಟ್ಟಿಕೊಂಡು ಮಲಗಿರುವನು.

"ಕೈ ಹಿಡದಿದ್ದಕ್ಕ ಇಷ್ಟು ಹೊಡದಾಳೇನ್ರೀ?" ಎಂದು ತಾರಾಬಾಯಿ ಪ್ರತಿಸಲವೂ ಕೇಳುತ್ತಿದ್ದಳು.

"ನಡುವ ಏನಾತು ಅನ್ನೋದು ನನ್ನ ನಿದ್ದೀಗೆ ಗೊತ್ತು," ಎಂದು ಲಿಂಗರಾಜ ಪ್ರತಿಸಲವೂ ಹೇಳುತ್ತಿದ್ದ. ನಾವು ಪ್ರತಿಸಲವೂ ನಗುತ್ತಿದ್ದೆವು.

ಆದರೆ ಒಂದು ಕ್ಯಾಸೆಟ್ಟಿನ ಮಾತು ಬೇರೆ. ಅದನ್ನು ಹಾಕಿದಾಗ ಯಾರೂ ತಮಾಷೆ ಮಾಡುತ್ತಿರಲಿಲ್ಲ.

ತಾರಾಬಾಯಿಯ ತವರು ನವಲಗುಂದದ ಕಡೆ. ಅವಳಿಗೆ ಮದುವೆಯಾದ ಹೊಸತರಲ್ಲಿ ಅಲ್ಲಿಗೊಂದು ಸಿನಿಮಾದವರ ತಂಡ ಬಂದಿತ್ತಂತೆ. ಬೀಸುಕಲ್ಲಿನ ಮುಂದೆ ಕೂತು ಹಾಡುವ ಮುದುಕಿಯ ದೃಶ್ಯವೊಂದನ್ನು ತೆಗೆಯಬೇಕಿತ್ತು. ಕರೆತಂದಿದ್ದ ನಟಿಗೆ ಕಲ್ಲು ತಿರುಗಿಸಿದರೆ ಹಾಡು ನಿಲ್ಲುತ್ತಿತ್ತು, ಹಾಡಿದರೆ ಕಲ್ಲು ನಿಲ್ಲುತ್ತಿತ್ತು. ಕೊನೆಗೆ ಆ ಮನೆಯ ಒಡತಿಯನ್ನೇ ಕೂರಿಸಿದರು. ಅವಳೇ ತಾರಾಬಾಯಿಯ ಅವ್ವ. ಏನಾದರೂ ಹಾಡಿ ಎಂದರು. ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬೀಸುವಾಗ ಹಾಡುತ್ತಿದ್ದುದನ್ನೇ ಅವಳು ಹಾಡಿದಳು: "ಮೆಲ್ಲಕ ತಿರಗ ನನ ಕಲ್ಲೇ, ಕೂಸು ಮಲಗೇದ..."

ಚಿತ್ರ ತೆರೆಗೆ ಬರುವ ಮೊದಲೇ ಅವ್ವ ತೀರಿಕೊಂಡಳು. ಚಿತ್ರವೂ ಓಡಲಿಲ್ಲ. ತೆಗೆದವರು ಸಾಲದಲ್ಲಿ ಮುಳುಗಿ ಕಚೇರಿ ಮುಚ್ಚಿದರು. ಒಂದು ಭಾನುವಾರ ಆ ಚಿತ್ರ ಟಿವಿಯಲ್ಲಿ ಬರುತ್ತದೆಂದು ತಿಳಿದಾಗ ತಾರಾಬಾಯಿ ಗಂಡನನ್ನು ನಂಬದೆ ತಾನೇ ರಿಮೋಟ್ ಹಿಡಿದು ಕೂತಳು. ಅವ್ವನ ಒಂದೇ ಒಂದು ಫೋಟೋ ಇತ್ತು. ಅದರಲ್ಲಿ ಮುಖದ ಮೇಲೆ ಸೆರಗಿನ ನೆರಳು. ದನಿ ಬೇರೆಲ್ಲಿಯೂ ಇರಲಿಲ್ಲ.

ರೆಕಾರ್ಡ್ ಆದ ಕೂಡಲೇ ಅವಳು ಕ್ಯಾಸೆಟ್ಟಿನ ಬೆನ್ನಿನಲ್ಲಿದ್ದ ಪುಟ್ಟ ಪ್ಲಾಸ್ಟಿಕ್ ಚೂರನ್ನು ಮುರಿದುಹಾಕಿದಳು. ಅದನ್ನು ಮುರಿದ ಮೇಲೆ ಆ ಟೇಪಿನ ಮೇಲೆ ಬೇರೇನನ್ನೂ ರೆಕಾರ್ಡ್ ಮಾಡಲು ಯಂತ್ರ ಒಪ್ಪುವುದಿಲ್ಲ. ಮಾಡಲೇಬೇಕೆಂದರೆ ಆ ಕಿಂಡಿಯ ಮೇಲೆ ಸೆಲ್ಲೋಟೇಪು ಅಂಟಿಸಬೇಕು. ಇನ್ನೊಂದು ಅಭ್ಯಾಸವೂ ಅವಳಿಗಿತ್ತು. ಎಲ್ಲರೂ ನೋಡಿ ಮುಗಿದ ಮೇಲೆ ಕ್ಯಾಸೆಟ್ಟನ್ನು ಮೊದಲಿಗೆ ಸುತ್ತದೆ, ಅವ್ವ ಬೀಸಲು ಕೂರುವ ಜಾಗಕ್ಕೆ ತಂದು ನಿಲ್ಲಿಸಿ ಪೆಟ್ಟಿಗೆಗೆ ಹಾಕುತ್ತಿದ್ದಳು. ಮನಸ್ಸಿಗೆ ಬಂದಾಗ ಹಾಕಿ ಒತ್ತಿದರೆ ಸಾಕು, ಅವ್ವ ಬರುತ್ತಿದ್ದಳು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಾ ಅವಳು ಆ ದನಿಯನ್ನು ಕೇಳಿಸಿಕೊಳ್ಳುತ್ತಿದ್ದುದನ್ನು ನಾನು ಕಂಡಿದ್ದೇನೆ.

ತೊಂಬತ್ತರ ದಶಕದ ನಡುವಿನ ಒಂದು ಮಳೆಗಾಲದಲ್ಲಿ ವಡೋದರಾಕ್ಕೆ ಭಾರಿ ಮಳೆ ಹೊಡೆಯಿತು. ಕಾಲೊನಿಯ ಚರಂಡಿಗಳು ಉಕ್ಕಿ ನೆಲಮಹಡಿಯ ಮನೆಗಳಿಗೆ ನೀರು ನುಗ್ಗಿತು. ಲಿಂಗರಾಜ ಅಕ್ಕಿಯ ಡಬ್ಬಿಯನ್ನು ಮೇಲೇರಿಸುತ್ತಿದ್ದರೆ ತಾರಾಬಾಯಿ ಕ್ಯಾಸೆಟ್ಟುಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಎದೆಗೆ ಅವುಚಿಕೊಂಡು ನಿಂತಿದ್ದಳು. ಆ ನೀರಿನಲ್ಲಿಯೇ ಆಟೋ ಹಿಡಿದು ಅಲ್ಕಾಪುರಿಯಲ್ಲಿದ್ದ ಸುಶೀಲಾಳ ಎರಡನೆಯ ಮಹಡಿಯ ಮನೆಗೆ ಒಯ್ದು ಕೊಟ್ಟಳು.

"ಸುಶೀ, ಎಲ್ಲಾ ಹೋದ್ರೂ ಹೋಗಲಿ. ಇದೊಂದು ನಿನ್ನ ಕಡೆ ಇರಲವಾ."

"ಎಂತ ಮಾರಾಯ್ತಿ ತಾರಕ್ಕ, ಇದನ್ನೂ ಹೇಳ್ಬೇಕಾ? ನನ್ನ ಒಡವೆ ಇಡುವಲ್ಲೇ ಇಡ್ತೇನೆ," ಎಂದಳು ಸುಶೀಲಾ. ಹೇಳಿದಂತೆಯೇ ಗೋದ್ರೇಜ್ ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಆ ದಿನ ಅವಳ ಮಾತಿನಲ್ಲಿ ಸುಳ್ಳು ಇರಲಿಲ್ಲ.

ನೀರು ಇಳಿಯಿತು, ಗೋಡೆಯ ತೇವ ಇಳಿಯಲಿಲ್ಲ. ತೇವಕ್ಕೆ ಟೇಪಿಗೆ ಬೂಸ್ಟು ಹಿಡಿಯುತ್ತದೆಂದು ದೀಪಾವಳಿ ಕಳೆಯುವವರೆಗೆ ಚೀಲ ಅಲ್ಲಿಯೇ ಇರಲೆಂದರು. ನವರಾತ್ರಿ ಆ ನಡುವೆಯೇ ಬಂದುಹೋಯಿತು.

ಮನೆ ಒಣಗಿದ ಮೇಲೆ ಸುಶೀಲಾ ತಾನೇ ಚೀಲ ತಂದುಕೊಟ್ಟಳು. ಶನಿವಾರಗಳು ಮತ್ತೆ ಶುರುವಾದವು. ಆ ಕ್ಯಾಸೆಟ್ಟು ಮಾತ್ರ ಹೊರಗೆ ಬರಲಿಲ್ಲ. ತಾರಾಬಾಯಿ ಅದರ ಮೇಲೆ ಕೈಯಿಟ್ಟರೆ ಸುಶೀಲಾ, "ಇವತ್ತು ನಗುವಂಥದ್ದು ಹಾಕಿ ತಾರಕ್ಕ, ಅಳುವುದು ಬೇಡ," ಎನ್ನುತ್ತಿದ್ದಳು. ಇನ್ನೊಂದು ವಾರ, "ಮಕ್ಕಳಿಗೆ ಫೈಟಿಂಗ್ ಬೇಕಂತೆ." ತಾರಾಬಾಯಿಗೆ ಅದು ಗೆಳತಿಯ ಅಕ್ಕರೆಯಾಗಿ ಕಂಡಿತು. "ನಾ ಅತ್ತರ ಈಕೀಗೆ ನೋಡಲಿಕ್ಕೆ ಆಗೂದಿಲ್ರೀ ಬಾಯಾರ," ಎಂದು ನನ್ನೆದುರು ಹೆಮ್ಮೆಯಿಂದ ಹೇಳಿಕೊಂಡಳು. ತಾನೊಬ್ಬಳೇ ಹಾಕಿ ನೋಡೋಣವೆಂದುಕೊಂಡರೂ, ಅವ್ವನ ತಿಥಿ ಹತ್ತಿರ ಬಂದಿದೆ, ಆ ದಿನವೇ ಎಲ್ಲರೂ ಕೂಡಿ ನೋಡುವುದೆಂದು ಮನಸ್ಸಿನಲ್ಲಿ ಕಾಯ್ದಿಟ್ಟುಕೊಂಡಳು.

ತಿಥಿ ಸಂಕ್ರಾಂತಿ ಕಳೆದ ಮೇಲಿನ ಒಂದು ಶನಿವಾರ ಬಿತ್ತು. ಮನೆಯ ಮೇಲೆ ಮಕ್ಕಳ ಹರಿದ ಗಾಳಿಪಟಗಳು ತಂತಿಗೆ ಸಿಕ್ಕಿ ಇನ್ನೂ ನೇತಾಡುತ್ತಿದ್ದವು. ತಾರಾಬಾಯಿ ಹೋಳಿಗೆ ಮಾಡಿದ್ದಳು. ಎಲ್ಲರೂ ಬಂದರು, ಸುಶೀಲಾ, ರಾಮಚಂದ್ರರು, ಹೈಸ್ಕೂಲು ಓದುತ್ತಿದ್ದ ಅವರ ಮಗಳು ಅಕ್ಷತಾ ಕೂಡ. ಕ್ಯಾಸೆಟ್ಟನ್ನು ಪೆಟ್ಟಿಗೆಯಿಂದ ತೆಗೆದ ತಾರಾಬಾಯಿ ಕಿಟಕಿಯಂಥ ಗಾಜಿನೊಳಗೆ ನೋಡಿ ಹುಬ್ಬು ಗಂಟಿಕ್ಕಿದಳು.

"ಇದು ಮೊದಲಿಗೆ ಸುತ್ತೇದಲ್ಲ? ನಾ ಹಂಗ ಇಡೂದಿಲ್ಲ."

"ನಾನೇ ಸುತ್ತಿದ್ದು. ಟೇಪ್ ಸಡಿಲ ಆಗಬಾರ್ದು ಅಂತ," ಎಂದಳು ಸುಶೀಲಾ.

"ಹೌದೇನು? ಆಗಲಿ ಬಿಡು. ಇವತ್ತ ಮೊದಲಿಂದನ ನೋಡೂಣು."

ಚಿತ್ರ ಶುರುವಾಯಿತು. ಅರ್ಧ ಚಿತ್ರ ಎಂದಿನಂತೆಯೇ ನಡೆಯಿತು. ಹಳ್ಳಿಯ ಹುಡುಗ ಪಟ್ಟಣದಿಂದ ಮರಳಿ ಬರುವ ದೃಶ್ಯ ಬಂದಾಗ ಸುಶೀಲಾ ಎದ್ದು, ಚಹಾ ಇಡುತ್ತೇನೆಂದು ಅಡುಗೆಮನೆಗೆ ನಡೆದಳು. "ಏ ಸುಶೀ, ಈಗ ಅವ್ವ ಬರ್ತಾಳ. ಕೂಡ ಬಾ," ಎಂದು ತಾರಾಬಾಯಿ ಕರೆದಳು. ತೆರೆಯ ಮೇಲೆ ಹುಡುಗ ಅಂಗಳ ದಾಟಿದ. ಬಾಗಿಲು ತಳ್ಳಿದ.

ಧಡ್ ಎಂದು ಡೋಲು ಬಡಿಯಿತು. ಚಿತ್ರ ಒಮ್ಮೆ ಕುಲುಕಿ, ಬಣ್ಣಬಣ್ಣದ ದೀಪಗಳ ಕೆಳಗೆ ನೂರಾರು ಹೆಣ್ಣುಮಕ್ಕಳು ಗರಬಾ ಆಡುತ್ತಾ ಸುತ್ತತೊಡಗಿದರು. ಮೂಲೆಯಲ್ಲಿ ಊರಿನ ಕೇಬಲಿನವರ ಹೆಸರು. ನಟ್ಟನಡುವೆ ಕನ್ನಡಿ ಹೊಲಿದ ಚನಿಯಾ ಚೋಲಿ ಉಟ್ಟು ನಗುತ್ತಾ ಸುತ್ತುತ್ತಿದ್ದವಳು ಅಕ್ಷತಾ.

"ಅರೇ, ಯೇ ತೋ ಮೈ ಹೂಂ!" ಎಂದಳು ಅಕ್ಷತಾ. ಪಾಪ, ಅವಳಿಗೆ ಏನೂ ಗೊತ್ತಿರಲಿಲ್ಲ. ಅಷ್ಟು ಹೇಳಿದವಳು ತಾರಾಬಾಯಿಯ ಮುಖ ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು.

ಯಾರೂ ಏಳಲಿಲ್ಲ. ಗರಬಾ ನಡೆದೇ ನಡೆಯಿತು. ಕೊನೆಗೆ ಅದು ಕಡಿದು ಮತ್ತೆ ಚಿತ್ರ ಮೂಡಿದಾಗ ಅಲ್ಲಿ ಬೀಸುಕಲ್ಲು ಮಾತ್ರ ಇತ್ತು. ಸುತ್ತಲೂ ಹಿಟ್ಟು ಚೆಲ್ಲಿತ್ತು. ಬೀಸಿದವಳು ಎದ್ದು ಹೋಗಿದ್ದಳು.

ಸುಶೀಲಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ಮೆಷಿನ್ ಹಾಳಾಗಿರಬೇಕು ತಾರಕ್ಕ. ಒಂದರದ್ದು ಒಂದಕ್ಕೆ ಹೋಗಿದೆ," ಎಂದಳು.

ತಾರಾಬಾಯಿ ಕ್ಯಾಸೆಟ್ಟನ್ನು ಹೊರತೆಗೆದು ದೀಪದ ಕೆಳಗೆ ಹಿಡಿದಳು. ಮುರಿದ ಕಿಂಡಿಯ ಮೇಲೆ ಸೆಲ್ಲೋಟೇಪು ಇರಲಿಲ್ಲ. ಅದನ್ನು ಕಿತ್ತಿದ್ದರು. ಆದರೆ ಅದರ ಅಂಟು ಉಳಿದಿತ್ತು; ಅಂಟಿಗೆ ಕಪಾಟಿನ ಧೂಳು ಮೆತ್ತಿ ಚೌಕಾಕಾರದ ಕಪ್ಪು ಗುರುತಾಗಿತ್ತು. ಅವಳು ಅದರ ಮೇಲೆ ಬೆರಳಾಡಿಸಿದಳು.

"ಮಷಿನ್ನಿಗೆ ಟೇಪ್ ಹಚ್ಚಲಿಕ್ಕೂ ಬರ್ತದ, ಕೀಳಲಿಕ್ಕೂ ಬರ್ತದ ಏನ, ಸುಶೀಲಾ?"

ಅವಳು ಎಂದೂ 'ಸುಶೀಲಾ' ಎಂದು ಪೂರ್ತಿ ಹೆಸರು ಹಿಡಿದು ಕರೆದವಳಲ್ಲ.

ಸುಶೀಲಾ ಅಲ್ಲಿಯೇ ಹೊಸ್ತಿಲ ಮೇಲೆ ಕೂತಳು. ಆಮೇಲೆ ಎಲ್ಲವೂ ಹೊರಗೆ ಬಂತು. ನವರಾತ್ರಿಯ ಒಂದು ಸಂಜೆ ಅಕ್ಷತಾಳ ಗರಬಾ ಕೇಬಲಿನಲ್ಲಿ ನೇರವಾಗಿ ಬರುತ್ತಿದೆಯೆಂದು ನೆರೆಯವರು ಓಡಿಬಂದು ಹೇಳಿದರು. ಮನೆಯಲ್ಲಿ ಖಾಲಿ ಕ್ಯಾಸೆಟ್ಟಿರಲಿಲ್ಲ. ಈ ಚಿತ್ರ ಚಿಕ್ಕದು, ಕೊನೆಯಲ್ಲಿ ಟೇಪು ಖಾಲಿ ಉಳಿದಿದೆ ಎಂಬುದು ಅವಳಿಗೆ ನೆನಪಿತ್ತು. ಎಲ್ಲರೂ ನೋಡಿ ಮುಗಿಸಿದ ಕ್ಯಾಸೆಟ್ಟು ಕೊನೆಯಲ್ಲಿಯೇ ತಾನೇ ನಿಂತಿರುವುದು ಎಂದುಕೊಂಡು, ಕಿಂಡಿಗೆ ಟೇಪು ಅಂಟಿಸಿ, ನೋಡದೆಯೇ ಒತ್ತಿಬಿಟ್ಟಳು. ಅದು ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಅಳಿಸಿಕೊಂಡು ಹೋಯಿತು. ತಾರಾಬಾಯಿ ಅವ್ವನಿಗಾಗಿ ಕಾಯ್ದಿಟ್ಟ ಜಾಗದಿಂದ. ಗರಬಾ ಮುಗಿದು ಬೀಸುಕಲ್ಲು ಮೂಡಿದಾಗಲೇ ಅವಳಿಗೆ ತಿಳಿದದ್ದು.

"ಬೇಕಂತ ಮಾಡಿದ್ದಲ್ಲ ತಾರಕ್ಕ. ದೇವರಾಣೆ, ಬೇಕಂತ ಮಾಡಿದ್ದಲ್ಲ."

"ಅದು ಬೇಕಂತ ಮಾಡಿದ್ದಲ್ಲ. ಗೊತ್ತಾತು," ಎಂದಳು ತಾರಾಬಾಯಿ. ದನಿ ಏರಿಸಲಿಲ್ಲ. "ಟೇಪ್ ಕಿತ್ತಿದ್ದು? ನಗುವಂಥದ್ದು ಹಚ್ಚು ಅಂದಿದ್ದು? ಪ್ರತಿ ಶನಿವಾರ ನನ್ನ ಬಾಜೂಕ ಕೂತು ನನ್ನ ಕೈಲಿಂದ ಗಿರಮಿಟ್ ತಿಂದಿದ್ದು? ನಾ ಇವತ್ತಿನ ಸಲುವಾಗಿ ಕಾಯ್ಕೋತ ಕೂತೀನಂತ ನಿನಗ ಗೊತ್ತಿತ್ತಲ್ಲ. ಅದೆಲ್ಲಾ ಬೇಕಂತ ಮಾಡಿದ್ದ ಹೌದಲ್ಲೋ?"

ರಾಮಚಂದ್ರರು ಎದ್ದು ಕೈಮುಗಿದರು. "ನನಗೂ ಹೇಳಲಿಲ್ಲ ಅಮ್ಮ ಇವಳು. ಎಲ್ಲಿಂದಾದರೂ ಇನ್ನೊಂದು ಕಾಪಿ ತರಿಸುವ. ಬೆಂಗಳೂರಲ್ಲಿ ನಮ್ಮವರಿದ್ದಾರೆ."

ತರಿಸಲು ಅವರು ನಿಜವಾಗಿಯೂ ಪಟ್ಟ ಪಾಡು ಕಡಿಮೆಯಲ್ಲ. ಬೆಂಗಳೂರಿಗೆ ಹೋಗಿ ವಿಚಾರಿಸಿದರು. ಚಿತ್ರ ತೆಗೆದವರು ತೀರಿಕೊಂಡಿದ್ದರು. ರೀಲು ಎಲ್ಲಿ ಹೋಯಿತೆಂದು ಅವರ ಮಕ್ಕಳಿಗೂ ತಿಳಿದಿರಲಿಲ್ಲ.

ಶನಿವಾರದ ಕೂಟ ನಿಂತಿತು. ನಿಲ್ಲಿಸಿದೆನೆಂದು ತಾರಾಬಾಯಿ ಯಾರಿಗೂ ಹೇಳಲಿಲ್ಲ, ಗಾದಿ ಹಾಸಲಿಲ್ಲ ಅಷ್ಟೇ. ನಾನು ಸುಶೀಲಾಳ ಪರವಾಗಿ ಎರಡು ಮಾತು ಆಡಲು ಹೋದೆ. ವರ್ಷಗಟ್ಟಲೆ ಮಕ್ಕಳ ಜಗಳ ಬಿಡಿಸಿದ ಅಭ್ಯಾಸ. ಅವಳು ಚಪಾತಿ ಲಟ್ಟಿಸುತ್ತಲೇ ಹೇಳಿದಳು: "ಬಾಯಾರ, ನೀರಾಗ ಹೋಗಿದ್ರ ನೀರಿಗೆ ಬೈತಿದ್ದೆ. ನಾನ ಆಟೋದಾಗ ಕೂತು ಒಯ್ದು ಕೊಟ್ಟೆ ನೋಡ್ರಿ."

ಬೇಸಿಗೆಯಲ್ಲಿ ಲಿಂಗರಾಜನಿಗೆ ಅಹಮದಾಬಾದಿಗೆ ವರ್ಗವಾಯಿತು. ಸಾಮಾನು ಕಟ್ಟುವ ದಿನ ನಾನು ಕೈಜೋಡಿಸಲು ಹೋಗಿದ್ದೆ. ಸಂಜೆ ಅಕ್ಷತಾ ಬಂದಳು. ಅವಳ ತಾಯಿ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದಳು, ಒಳಗೆ ಬರಲಿಲ್ಲ.

"ತಾರಾ ಆಂಟಿ, ನನಗೆ ಆ ಸಾಂಗ್ ಪೂರಾ ಬರುತ್ತೆ," ಎಂದಳು ಹುಡುಗಿ. "ಛೋಟಿ ಇದ್ದಾಗಿಂದ ನೋಡಿದ್ದೇನಲ್ಲ. ಹಾಡಲಾ? ಮಮ್ಮಿ ಹೇಳಿದ್ದಲ್ಲ, ನಾನೇ ಬಂದೆ."

ಗಂಟು ಕಟ್ಟುತ್ತಿದ್ದ ತಾರಾಬಾಯಿಯ ಕೈ ನಿಂತಿತು. ಅಕ್ಷತಾ ಕಣ್ಣು ಮುಚ್ಚಿ ಹಾಡಿದಳು. ಕನ್ನಡವನ್ನು ನೆಟ್ಟಗೆ ಆಡಲು ಬಾರದ ಹುಡುಗಿ, ನವಲಗುಂದದ ಆ ಹಾಡನ್ನು ಒಂದು ನುಡಿಯೂ ಬಿಡದೆ ಹಾಡಿದಳು. ಅವ್ವ ಎಲ್ಲಿ ಉಸಿರೆಳೆದುಕೊಳ್ಳುತ್ತಿದ್ದಳೋ ಅಲ್ಲಿಯೇ ಉಸಿರೆಳೆದುಕೊಂಡಳು. ಲಿಂಗರಾಜ ಗೋಡೆಯ ಕಡೆ ತಿರುಗಿ ನಿಂತ.

ಮುಗಿದಾಗ ತಾರಾಬಾಯಿ ಅವಳ ಕೆನ್ನೆ ಸವರಿದಳು. "ಚೊಲೋ ಹಾಡ್ತೀ ತಂಗಿ. ಇನ್ನೊಮ್ಮೆ ನನ್ನ ಮುಂದ ಹಾಡಬ್ಯಾಡ."

ಆಮೇಲೆ ಕಟ್ಟಿದ್ದ ಪೆಟ್ಟಿಗೆಯನ್ನು ಬಿಚ್ಚಿ ಆ ಕ್ಯಾಸೆಟ್ಟನ್ನು ತೆಗೆದು ಹುಡುಗಿಯ ಕೈಗಿಟ್ಟಳು.

"ಇದು ನಿಂದು. ಸುತ್ತೂದೇನೂ ಬ್ಯಾಡ. ನೀ ಕುಣಿಯೂ ಜಾಗಾಕ್ಕನ ತಂದು ನಿಲ್ಲಿಸೀನಿ. ಹಚ್ಚಿದ ಕೂಡಲೇ ನೀನ ಕಾಣಸ್ತೀ."

ಅಕ್ಷತಾ ಅಳುತ್ತಾ ಹೊರಗೆ ಹೋದಳು. ಮರದ ಕೆಳಗೆ ಸುಶೀಲಾ ಕ್ಯಾಸೆಟ್ಟನ್ನು ನೋಡಿದಳು, ಬಾಗಿಲ ಕಡೆ ನೋಡಿದಳು. ತಾರಾಬಾಯಿ ಆಗಲೇ ಬೆನ್ನು ತಿರುಗಿಸಿ ಗಂಟಿಗೆ ಹಗ್ಗ ಬಿಗಿಯುತ್ತಿದ್ದಳು.

"ನೋಡ್ರಿ ಬಾಯಾರ," ಎಂದಳು ನನಗೆ, ಹಗ್ಗದ ತುದಿಯನ್ನು ಹಲ್ಲಿನಿಂದ ಬಿಟ್ಟು, "ಇಷ್ಟು ದಿವಸ ಅಡಗಿಮನ್ಯಾಗ ಕಣ್ಣು ಮುಚ್ಚಿದ್ರ ಅವ್ವನ ದನಿ ಸ್ವಲ್ಪರೆ ಕೇಳತಿತ್ತು. ಈಗ ಆ ಹುಡುಗೀ ದನಿ ಅಷ್ಟ ಕೇಳಸ್ತದ."