ತಿರುವಿನ ಕುಳಿ ಮುಚ್ಚುವ ಅಕ್ಕ

ನಸುಕಿನ ಮಂಜು ಎಂಥದ್ದೆಂದರೆ, ಕೈ ಚಾಚಿದರೆ ಅದು ವಾಪಸು ಬಂದೀತೆಂಬ ಖಾತ್ರಿಯಿಲ್ಲ. ಅಂಥದರಲ್ಲಿ ಕುದುರೆ ರೇಸಿನ ಟ್ರ್ಯಾಕಿನ ಮೇಲೆ ಕುಳಿಯಕ್ಕ ಬರಿಗಾಲಲ್ಲಿ ನೆಲ ತಡವುತ್ತಾ ಬರುತ್ತಾಳೆ. ಎಡಗೈಯಲ್ಲಿ ಬಕೆಟ್ಟು, ಅದರೊಳಗೆ ಮರಳು, ಮಣ್ಣು, ಹುಲ್ಲಿನ ಬೀಜ ಕಲಸಿದ್ದು. ಗೊರಸು ಕಿತ್ತ ಕುಳಿ ಪಾದಕ್ಕೆ ಸಿಕ್ಕರೆ ಒಂದು ಹಿಡಿ ಸುರಿದು ಹಿಮ್ಮಡಿಯಿಂದ ಗುದ್ದುತ್ತಾಳೆ. ಆ ಹಿಮ್ಮಡಿಗೆ ಹೆದರಿ ಭೂಮಿಯೇ ಒಂದು ಗೇಣು ಕೆಳಗಿಳಿಯಬೇಕು.

ಬಿಳಿ ಕಂಬಿಯ ಆಚೆ ಮಂಜಿನಲ್ಲಿ ಬೀಡಿಯ ಕೆಂಪು ಚುಕ್ಕಿಗಳು ಕಾಣುತ್ತವೆ. ಇವತ್ತು ದೊಡ್ಡ ರೇಸು. ಕಂಬಿಗೆ ಆತುಕೊಂಡವರೆಲ್ಲ ಬಾಲದ ಕುದುರೆಯ ಗಿರಾಕಿಗಳು, ಅಂದರೆ ಯಾರೂ ಕಣ್ಣೆತ್ತಿ ನೋಡದ ಕುದುರೆಯ ಮೇಲೆಯೇ ದುಡ್ಡು ಕಟ್ಟುವವರು. ಗೆದ್ದರೆ ಒಂದಕ್ಕೆ ಐವತ್ತು. ಗೆಲ್ಲುವುದು ಮಾತ್ರ ಕತ್ತೆಗೆ ಕೊಂಬು ಮೂಡಿದಾಗ.

"ಅಕ್ಕಾ, ಬಾಯಿ ಬಿಟ್ಟಿದೆಯಾ?" ಎಂದು ಒಂದು ಚುಕ್ಕಿ ಕೇಳುತ್ತದೆ.

"ನಿನ್ನ ಬಾಯೇ ಬಿಟ್ಟಿರೋದು. ಮುಚ್ಕೊಂಡು ಮನೆಗೆ ಹೋಗು, ಹೆಂಡ್ತಿ ಕಾಯ್ತಿರ್ತಾಳೆ."

"ಕಾಯ್ತಿದಾಳೆ ಅಂತಾನೇ ಅಕ್ಕಾ, ಇಲ್ಲಿ ಬಂದು ನಿಂತಿರೋದು."

ಅವರು ಕೇಳುವುದು ಕೊನೆಯ ತಿರುವಿನ ಕುಳಿಯ ಸಂಗತಿ. ಬೇರೆ ಕುಳಿಗಳು ಕುದುರೆ ಓಡಿದ ಮೇಲೆ ಬೀಳುತ್ತವೆ. ಇದು ದೊಡ್ಡ ರೇಸಿನ ದಿನ ಕುದುರೆಗಳನ್ನು ಹೊರಗೆ ಬಿಡುವ ಮೊದಲೇ ಅಲ್ಲಿರುತ್ತದೆ. ಒಳಗಂಬಿಯ ಪಕ್ಕದಲ್ಲೇ, ಒಂದು ಗೊರಸಿನಷ್ಟು. ಟ್ರ್ಯಾಕಿನವರು ಅಲ್ಲಿ ಆಳುದ್ದ ಅಗೆಸಿ ಹೊಸ ಮಣ್ಣು ತುಂಬಿಸಿದರು, ಹುಲ್ಲುಹಾಸು ಬದಲಿಸಿದರು. ಮುಂದಿನ ದೊಡ್ಡ ರೇಸಿನ ಬೆಳಗ್ಗೆ ಹೊಸ ಹುಲ್ಲಿನಲ್ಲಿ ಅದೇ ಕುಳಿ. "ಒಳಗೆ ಕೈ ಇಟ್ರೆ ಬೆಚ್ಚಗಿರುತ್ತೆ, ಈಗ ತಾನೇ ಕಾಲು ಎತ್ಕೊಂಡಂಗೆ" ಎನ್ನುತ್ತಾಳೆ ಅಕ್ಕ, ಹಾಲು ಉಕ್ಕಿದ ಸುದ್ದಿ ಹೇಳುವಷ್ಟೇ ಸಲೀಸಾಗಿ.

ಆ ಕುಳಿಯ ಮೂಲ ಅವಳ ಮನೆಯಲ್ಲೇ ಇದೆ, ಅದನ್ನವಳು ಮುಚ್ಚಿಡುವುದಿಲ್ಲ. ಈ ಕೆಲಸ ಮೊದಲು ಅವಳ ಗಂಡನದು. ಒಂದು ಕೈ ಸೊಂಟದ ಮೇಲಿಟ್ಟು, ದೊರೆಯ ಠೀವಿಯಲ್ಲಿ ಕುಳಿ ತುಳಿಯುತ್ತಿದ್ದ ಮನುಷ್ಯ. ಅವನಿಗೂ ಬಾಲದ ಕುದುರೆಯ ಹುಚ್ಚು. ಒಂದು ದೊಡ್ಡ ರೇಸಿನ ದಿನ ಯಾರಿಗೂ ಬೇಡವಾದ ಹೆಣ್ಣು ಕುದುರೆಯೊಂದರ ಮೇಲೆ ದುಡ್ಡು ಕಟ್ಟುವ ಅವಸರದಲ್ಲಿ, ತಿರುವಿನ ಕೊನೆಯ ಕುಳಿಯನ್ನು ಹಾಗೇ ಬಿಟ್ಟು ಕೌಂಟರಿಗೆ ಓಡಿದ. ಆ ಕುದುರೆ ಎಲ್ಲರನ್ನೂ ಹಿಂದೆ ಹಾಕಿ ತಿರುವಿಗೆ ಬಂತು. ಬಂದು, ಅದೇ ಕುಳಿಗೆ ಕಾಲಿಟ್ಟಿತು. ಜನ ಹಾ ಎಂದಾಗ ಅವನು ಟಿಕೆಟ್ಟನ್ನು ಹಲ್ಲಲ್ಲಿ ಕಚ್ಚಿಕೊಂಡು ನಿಂತಿದ್ದನಂತೆ.

"ಕುದುರೆಗೆ ಅಲ್ಲೇ ಗುಂಡು ಹೊಡೆದ್ರು. ಇವರಿಗೆ ಯಾರೂ ಹೊಡೀಲಿಲ್ಲ, ಅದೇ ಕಷ್ಟ ಆಯ್ತು. ಅನ್ನ ಸೇರದೆ ವರ್ಷದೊಳಗೆ ಹೋಗ್ಬಿಟ್ರು. ಕೆಲಸ ನನಗೆ ಬಂತು, ಕುಳಿ ಸಮೇತ."

ಆಮೇಲೆ ಅಕ್ಕ ಒಂದು ದೊಡ್ಡ ರೇಸನ್ನೂ ತಪ್ಪಿಸಿಕೊಂಡಿಲ್ಲ. ಜ್ವರ ಬಂದರೆ ಜ್ವರವನ್ನೂ ಕರೆದುಕೊಂಡೇ ಬರುತ್ತಾಳೆ. ಇದುವರೆಗೆ ಎಷ್ಟು ಕುಳಿ ಮುಚ್ಚಿರಬಹುದು ಎಂದು ಕೇಳಿದರೆ, "ತಲೆಗೂದಲು ಎಣಿಸ್ಕೊಂಡು ಬನ್ನಿ, ಆಮೇಲೆ ಹೇಳ್ತೀನಿ" ಎಂಬ ಉತ್ತರ. ಆದರೆ ಕುದುರೆ ಓಡುವುದನ್ನು ಅವಳು ಕಣ್ಣಾರೆ ಕಂಡಿಲ್ಲ. ರೇಸಿನ ಹೊತ್ತಿಗೆ ಕುಳಿ ಮುಚ್ಚುವವರೆಲ್ಲ ತಿರುವಿನ ಹಿಂದಿನ ಶೆಡ್ಡಿನೊಳಗಿರಬೇಕು. ಅಲ್ಲಿ ಚಹಾ ಲೋಟ ಹಿಡಿದು, ಸಿಮೆಂಟಿನ ನೆಲಕ್ಕೆ ಅಂಗಾಲು ಊರಿ ಕೂತು, ಗೊರಸಿನ ಸದ್ದು ಕಾಲಲ್ಲೇ ಕೇಳುತ್ತಾಳೆ.

ಕೆಲವು ವರ್ಷದ ಕೆಳಗೆ, ದೊಡ್ಡ ರೇಸಿನ ಹಿಂದಿನ ದಿನ ಅವಳ ಮೈದುನ ಮನೆಗೆ ಬಂದ. ಸರಕು ಆಟೋ ಓಡಿಸುವವನು. ಅಣ್ಣನ ಹುಚ್ಚು ತಮ್ಮನಿಗೂ ಹತ್ತಿದೆ. ಹೊಟ್ಟೆ ಹೊರೆಯುವ ಆಟೋವನ್ನೇ ಅಡವಿಟ್ಟು ಬಾಲದ ಕುದುರೆಯೊಂದರ ಮೇಲೆ ಕಟ್ಟಿಬಿಟ್ಟಿದ್ದ.

"ಅತ್ತಿಗೆ, ನೀವೇನೂ ಮಾಡ್ಬೇಡಿ. ಆ ಕುಳಿ ಇದ್ದಂಗೆ ಇರ್ಲಿ, ಅಷ್ಟೇ. ಎಲ್ರೂ ದುಡ್ಡು ಕಟ್ಟಿರೋ ಆ ಫೇವರಿಟ್ಟು ಒಳಗಂಬಿ ಹಿಡ್ಕೊಂಡೇ ಓಡೋದು."

"ಅದರ ಮೇಲೆ ಕೂತಿರೋನಿಗೆ ಕತ್ತು ಇಲ್ವೇನೋ?"

"ನನಗೆ ಮಕ್ಕಳಿಲ್ವಾ ಅತ್ತಿಗೆ?"

ಮರುದಿನ ಬೆಳಗ್ಗೆ ಅಕ್ಕ ಎಂದಿಗಿಂತ ಒಂದು ಹಿಡಿ ಹೆಚ್ಚೇ ಸುರಿದು ಗುದ್ದಿದಳು. ಮೈದುನ ಕಂಬಿಯಾಚೆ ನಿಂತು ನೋಡಿದ, ಉಗುಳಿ ಹೊರಟುಹೋದ.

ಸಂಜೆ ಕುದುರೆಗಳು ಇನ್ನೂ ಓಟ ಶುರುವಾಗುವ ಗೇಟಿನ ಹತ್ತಿರ ಸುತ್ತುಹಾಕುತ್ತಿವೆ ಎಂದು ಮೈಕು ಹೇಳುತ್ತಿತ್ತು. ಶೆಡ್ಡಿನೊಳಗೆ ಅಕ್ಕನ ಅಂಗಾಲಿನಡಿ ಒಂದು ಕುದುರೆ ಓಡಿತು. ಒಂದೇ ಒಂದು. ದೂರದಿಂದ ಬಂತು, ತಿರುವಿನಲ್ಲಿ ನಿಂತುಬಿಟ್ಟಿತು. ಪಕ್ಕದವಳ ಚಹಾದಲ್ಲಿ ಅಲೆಯೂ ಏಳಲಿಲ್ಲ.

ಹೊರಗೆ ಬಂದರೆ ಕೆಲಸ ಹೋಗುತ್ತದೆ. ಅಕ್ಕ ಹೊರಗೆ ಬಂದಳು, ಕಂಬಿಯಡಿ ನುಸುಳಿದಳು. ಕುಳಿ ಬಾಯಿ ಬಿಟ್ಟು ಕಾಯುತ್ತಿತ್ತು. ಬಕೆಟ್ಟು ಶೆಡ್ಡಿನಲ್ಲೇ ಉಳಿದಿತ್ತು. ಮೈಮೇಲಿನ ಸ್ವೆಟರು ಕಿತ್ತು ಅದರೊಳಗೆ ತುರುಕಿ, ಹಿಮ್ಮಡಿಯಿಂದ ನಾಲ್ಕು ಗುದ್ದು ಗುದ್ದುವಷ್ಟರಲ್ಲಿ ಗೇಟು ತೆಗೆದ ಗಂಟೆ ಹೊಡೆಯಿತು. ಅವಳು ಶೆಡ್ಡಿಗೆ ಓಡಿಬಂದು, ಗೋಡೆಗೆ ಮುಖ ಮಾಡಿ, ಕಣ್ಣು ಮುಚ್ಚಿ ನಿಂತಳು.

ಯಾರೂ ಬೀಳಲಿಲ್ಲ. ಆದರೆ ತಿರುವಿನಲ್ಲಿ ಫೇವರಿಟ್ಟು ಬೆದರಿ ಹೊರಕ್ಕೆ ಸರಿಯಿತು. ತೆರವಾದ ಒಳಗಂಬಿಯಲ್ಲಿ ಮೈದುನನ ಬಾಲದ ಕುದುರೆ ನುಗ್ಗಿ ಗೆದ್ದಿತು.

ಫೇವರಿಟ್ಟಿನ ಜಾಕಿ ಬೆವರು ಒರೆಸಿಕೊಳ್ಳದೆ ಶೆಡ್ಡಿಗೇ ಬಂದ. "ಅಕ್ಕಾ, ಒಳಗಂಬಿ ಪಕ್ಕ ಆ ಮನುಷ್ಯನ್ನ ಯಾಕೆ ಬಿಟ್ರಿ? ಒಂದು ಕೈ ಸೊಂಟದ ಮೇಲಿಟ್ಕೊಂಡು ತುಳೀತಾನೇ ಇದ್ದ. ಕೂಗಿದ್ರೂ ಸರೀಲಿಲ್ಲ. ಬಾಯಲ್ಲೊಂದು ಚೀಟಿ ಬೇರೆ ಕಚ್ಕೊಂಡಿದ್ದ."

ಅಕ್ಕ ತಿರುವಿಗೆ ಹೋಗಿ ನೋಡಿದಳು. ಕುಳಿಯ ಜಾಗ ಅಂಗೈಯಷ್ಟು ಸಪಾಟು, ಮೇಲೆ ಮಣ್ಣು, ಮಣ್ಣಿನ ಮೇಲೆ ಬೀಜ. ಅವಳ ಸ್ವೆಟರು ಒಳಗಂಬಿಯ ಮೇಲೆ ಮಡಿಚಿ ಇಟ್ಟಿತ್ತು.

"ಬದುಕಿದ್ದಾಗ ಒಂದು ಟವಲ್ ಮಡಿಚಿದೋರಲ್ಲ" ಎನ್ನುತ್ತಾಳೆ.

ಆ ರಾತ್ರಿಯೇ ಮೈದುನ ಸಿಹಿ ಪೊಟ್ಟಣ ಹಿಡಿದು ಬಂದ. "ಕೊನೆಗೂ ನನ್ನ ಮಾತು ನಡೆಸ್ಕೊಟ್ರಿ, ಅತ್ತಿಗೆ" ಎಂದು ಕಾಲಿಗೆ ಬಿದ್ದ. ಅವಳು ಜಾಕಿ ಹೇಳಿದ್ದನ್ನು ಹೇಳಿದಳು, ಸ್ವೆಟರು ತೋರಿಸಿದಳು. ಪೊಟ್ಟಣ ಅವನ ಕೈಯಲ್ಲೇ ಉಳಿಯಿತು. ಬಿಡಿಸಿಕೊಂಡ ಆಟೋವನ್ನು ಈಗ ನಿಯತ್ತಾಗಿ ಓಡಿಸುತ್ತಾನೆ. ಟ್ರ್ಯಾಕಿನ ಪಕ್ಕದ ರಸ್ತೆಗೆ ಬಾಡಿಗೆ ಬಂದರೆ ಮಾತ್ರ, ಎಷ್ಟು ಕೊಟ್ಟರೂ ಒಲ್ಲೆ ಎನ್ನುತ್ತಾನೆ.

ಅಂದಿನಿಂದ ಅಕ್ಕ ಎರಡು ಬಕೆಟ್ಟು ತರುತ್ತಾಳೆ. ಒಂದು ಅವಳ ಕೈಯಲ್ಲಿ, ಇನ್ನೊಂದು ದೊಡ್ಡ ರೇಸಿನ ದಿನ ತಿರುವಿನ ಕಂಬಿಯ ಬುಡದಲ್ಲಿ. ಸಂಜೆ ಅದನ್ನು ಎತ್ತುವಾಗ ಹಗುರವಾಗಿರುತ್ತದೆಯೇ ಎಂದು ಕೇಳಿದರೆ ನಗುತ್ತಾಳೆ. "ಗಂಡ ಹೆಂಡ್ತಿ ವ್ಯವಹಾರ, ನಿಮಗ್ಯಾಕೆ?"

ಮಂಜು ತೆಳುವಾಗುತ್ತಿದೆ. ಅಕ್ಕ ತಿರುವಿನ ಹತ್ತಿರ ಬಂದು, ಬಗ್ಗಿ, ಕುಳಿಯೊಳಗೆ ಕೈಯಿಟ್ಟು ನೋಡುತ್ತಾಳೆ. ಇವತ್ತೂ ಬೆಚ್ಚಗಿದೆ. ಒಂದು ಹಿಡಿ ಸುರಿದು ಹಿಮ್ಮಡಿ ಎತ್ತುತ್ತಾಳೆ.

"ಒಂದಲ್ಲ ಒಂದು ದಿನ ನಾನು ಬರೋಷ್ಟರಲ್ಲಿ ಇಲ್ಲಿ ಬರೀ ಹುಲ್ಲಿರ್ಬೇಕು. ಅವರಿಗೆ ರಜೆ ಸಿಕ್ತು ಅಂತ ತಿಳ್ಕೋತೀನಿ. ಅವತ್ತು ಕಂಬಿ ಆಚೆ ಹೋಗಿ ನಿಂತು, ಈ ಕುದುರೆ ಅನ್ನೋದು ಓಡೋವಾಗ ಹೆಂಗಿರುತ್ತೆ ಅಂತ ಒಂದ್ಸಲ ನೋಡ್ತೀನಿ."